ನಂಬದ ಕೈಯ ಬೇವುಬೆಲ್ಲ

"ಒತ್ತು ಓಬಕ್ಕ, ಒತ್ತು! ಹೊತ್ತು ಹೋಗಾಕತ್ತೈತಿ!"

ಮುಚ್ಚಿದ ಕೋಣೆಯೊಳಗಿಂದ ತಾಯಿ ಉಜ್ಜಿನಮ್ಮನ ದನಿ ಕೇಳಿ, ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ ಬೋರಣ್ಣ ನಿಂತುಬಿಟ್ಟ. ಅದರ ಬೆನ್ನಿಗೇ ಹೆಂಡತಿ ಚಿತ್ತಮ್ಮನ ನರಳಾಟ ಕೇಳಿಸಿತು. ಬೆಳಗಿನ ಜಾವದಿಂದ ನರಳಿ ನರಳಿ ಆ ದನಿಯಲ್ಲಿ ಕಸುವೇ ಉಳಿದಿರಲಿಲ್ಲ. ಆಮೇಲೆ ಸೂಲಗಿತ್ತಿ ಓಬಕ್ಕ ಗದರಿಕೊಂಡಳು.

"ಇನ್ನಾ ದಾರಿ ಬಿಟ್ಟಿಲ್ರಮ್ಮ! ಈಗ ಒತ್ತಿದ್ರ ಕೂಸೂ ಉಳಿಯಂಗಿಲ್ಲ, ತಾಯೀನೂ ಉಳಿಯಂಗಿಲ್ಲ. ಊರಾಗಿನ ಅರ್ಧ ಮಂದೀನ ಎತ್ತಿದ ಕೈ ಇದು. ನನ್ನ ಮಾತು ಕೇಳ್ರಿ."

"ನಾಲ್ಕು ಗಂಟಿಗೆ ಪಾಡ್ಯ ಮುಗೀತೈತಿ. ಆಮ್ಯಾಲ ಹುಟ್ಟಿ ಏನು ಬಂತು? ನಿನ್ನ ಕೈಲಿ ಆಗದಿದ್ರ ಸರಿ ಅತ್ಲಾಗ, ನಾನೇ ಒತ್ತತೀನಿ!"

ಬೋರಣ್ಣ ಗಡಿಯಾರ ತೆಗೆದು ನೋಡಿದ. ಹನ್ನೆರಡೂವರೆ. ನಾಲ್ಕು ಗಂಟೆಗೆ ಇನ್ನೂ ಮೂರೂವರೆ ತಾಸು... ಅಷ್ಟು ಹೊತ್ತು ಅವ್ವ ಸುಮ್ಮನಿರುವವಳಲ್ಲ!

ಉಜ್ಜಿನಮ್ಮ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಮಡಕಶಿರದ ಕಡೆಯಿಂದ ಬಂದ ಸೊಸೆಗೆ ತನ್ನ ಕೈಯಾರೆ ಎಣ್ಣೆ ಹಚ್ಚಿ ತಲೆ ಬಾಚಿದವಳು, ಬಸುರಿಯ ಬಾಯಿ ಬಯಸಿದ್ದನ್ನು ಬೀದಿ ಬೀದಿ ಹುಡುಕಿ ತಂದುಕೊಟ್ಟವಳು. ಆದರೆ ಇವತ್ತು ಯುಗಾದಿ. ಯುಗಾದಿ ಅಂದರೆ ಆ ಹೆಂಗಸಿನ ಎದೆಯಲ್ಲಿ ಏನೋ ಕೆರಳಿಬಿಡುತ್ತಿತ್ತು.

ಹದಿಮೂರು ವರ್ಷದ ಹಿಂದೆ ಆಕೆಯ ಗಂಡ ದೊಡ್ಡತಿಮ್ಮಪ್ಪ ತೀರಿಕೊಂಡದ್ದು ಯುಗಾದಿಯ ದಿನವೇ. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬ ಆ ಮನೆಯನ್ನು ಬಿಟ್ಟುಹೋಗುತ್ತದೆ. ಮತ್ತೆ ಅದೇ ಹಬ್ಬದ ದಿನ, ಅದೇ ತಿಥಿಯೊಳಗೆ, ಆ ಮನೆಯಲ್ಲೊಂದು ಕೂಸು ಹುಟ್ಟಿದರೆ ಮಾತ್ರ ತಿರುಗಿ ಬರುತ್ತದೆ. ಅಲ್ಲಿಯವರೆಗೆ ತೋರಣವಿಲ್ಲ, ಹೋಳಿಗೆಯಿಲ್ಲ, ಬೇವುಬೆಲ್ಲವಿಲ್ಲ. ಅಂದಿನಿಂದ ಬಂದ ಪ್ರತಿ ಯುಗಾದಿಗೂ ಉಜ್ಜಿನಮ್ಮ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದಳು. ಹಬ್ಬ ತಿರುಗಿ ಬಂದ ದಿನ ತನ್ನ ಗಂಡನ ಸಾವು ಈ ಮನೆಯಿಂದ ಎದ್ದುಹೋಗುತ್ತದೆ ಎಂದು ಆಕೆ ನಂಬಿದ್ದಳು. ಚಿತ್ತಮ್ಮನಿಗೆ ದಿನ ತುಂಬುವುದು ಯುಗಾದಿಯ ಹೊತ್ತಿಗೆ ಎಂದು ಗೊತ್ತಾದಾಗಿನಿಂದ ಮುದುಕಿಗೆ ಸರಿಯಾಗಿ ನಿದ್ದೆಯಿಲ್ಲ.

ಇನ್ನು ಬೋರಣ್ಣನ ವಿಚಾರ. ಇವನು ರಾಯದುರ್ಗದ ರೈಲು ಸ್ಟೇಷನ್ನಿನಲ್ಲಿ ಟಿಕೆಟು ಕೊಡುವ ಗುಮಾಸ್ತ, ಮತ್ತು ಊರಿಗೆಲ್ಲ ಗೊತ್ತಿದ್ದ ನಾಸ್ತಿಕ. ಗುಡಿಯ ಮುಂದೆ ಹೋದರೂ ಕೈ ಮುಗಿಯುವವನಲ್ಲ. ಯಾವ ಹಬ್ಬ ಬಂದರೂ ಉಳಿದವರಿಗೆ ರಜ, ಇವನಿಗೆ ಕೆಲಸ. ಪ್ರಸಾದ ಕೊಟ್ಟರೆ "ನಂಬದೋನು ತಿಂದ್ರ ನಿಮಗ ಮೋಸ ಮಾಡಿದಂಗ ಆಗತೈತ್ರಿ" ಎಂದು ವಾಪಸು ಮಾಡುವಷ್ಟು ಮೊಂಡ. ಅವನಿಗಿದ್ದ ಒಂದೇ ಜಂಬವೆಂದರೆ ಅವನು ಸುಳ್ಳು ಹೇಳುವುದಿಲ್ಲ ಎಂಬುದು. ಮದುವೆಯಾದ ಹೊಸದರಲ್ಲಿ ಚಿತ್ತಮ್ಮ ಒಂದು ದಿನ ಕೇಳಿಯೇ ಬಿಟ್ಟಿದ್ದಳು.

"ಯುಗಾದಿಯೇನೋ ಮನೆ ಬಿಟ್ಟೋಗೈತೆ, ಸರಿ. ಗೌರಿ ಹಬ್ಬ ಏನ್ ಮಾಡಿತ್ತು, ದೀಪಾವಳಿ ಏನ್ ಮಾಡಿತ್ತು? ಅತ್ತೆಮ್ಮ ಒಬ್ರೇ ದೀಪ ಹಚ್ತಾರೆ. ನೀವ್ಯಾಕೆ ಬಂದು ಕುಂತ್ಕಳಲ್ಲ?"

"ನಂಬಿಕಿ ಇಲ್ಲದೋನು ಹಬ್ಬ ಮಾಡಿದ್ರ ಅದು ನಾಟಕ ಆಗತೈತಿ, ಚಿತ್ತಿ."

"ನಾಟ್ಕ ಆದ್ರೆ ಆಗ್ಲಿ ಬಿಡಿ! ನಂಬ್ಕೆ ನಿಮ್ದು, ಒಬ್ಬಟ್ಟು ನಂದು. ಬಿಸಿ ಇದ್ದಾಗ ಬಂದು ತಿಂದ್ರೆ ನಿಮ್ಮ ಗಂಟೇನೋಗ್ತೈತೆ?"

ಅವನು ನಕ್ಕಿದ್ದ. ಹೋಗಿ ಕೂತಿರಲಿಲ್ಲ.

ಅವನಿಗೆ ದೇವರು ತಪ್ಪಿದ್ದು ಯಾವುದೋ ಪುಸ್ತಕ ಓದಿ ಅಲ್ಲ. ಅಪ್ಪ ಜ್ವರದಲ್ಲಿ ಒದ್ದಾಡುತ್ತಿದ್ದಾಗ ಹತ್ತೊಂಬತ್ತು ವರ್ಷದ ಬೋರಣ್ಣ ಬಂಡಿ ಕಟ್ಟಿಸಿ ನಿಲ್ಲಿಸಿದ್ದ. ಬಳ್ಳಾರಿಯ ರೈಲು ಹತ್ತಿಸಿದರೆ ಸಂಜೆಗೆ ದೊಡ್ಡ ಡಾಕ್ಟರು ನೋಡುತ್ತಿದ್ದರು. ಅವತ್ತು ಯುಗಾದಿಯ ಹಿಂದಿನ ಅಮಾವಾಸ್ಯೆ. "ಅಮಾಸಿ ದಿನ ರೋಗಿನ್ನ ಹೊಸ್ತಿಲು ದಾಟಿಸಬ್ಯಾಡ, ನಾಳೆ ಹಬ್ಬ ಕಳೀಲಿ" ಎಂದು ಅವ್ವ ಬಂಡಿಗೆ ಅಡ್ಡ ನಿಂತಳು. ಹಬ್ಬ ಕಳೆಯುವ ಮುಂಚೆ ಅಪ್ಪನೇ ಹೋಗಿದ್ದ. ಅದನ್ನು ಬೋರಣ್ಣ ಒಂದು ದಿನವೂ ತಾಯಿಯ ಮುಂದೆ ಆಡಿರಲಿಲ್ಲ. ದೇವರನ್ನು ಬಿಟ್ಟ, ಅವ್ವನನ್ನು ಬಿಡಲಾಗಲಿಲ್ಲ.

"ಅಯ್ಯೋ... ಬ್ಯಾಡ ಅತ್ತೆಮ್ಮ... ಸಾಯ್ತೀನಿ..."

ಒಳಗಿಂದ ಬಂದ ಆ ಕೂಗಿಗೆ ಬೋರಣ್ಣ ಕೋಣೆಯತ್ತ ಧಾವಿಸಿದ. ಬಾಗಿಲು ಬಡಿದ. "ಅವ್ವಾ! ಆಕಿ ಮೈಮ್ಯಾಲ ಕೈ ಹಾಕಬ್ಯಾಡ!"

"ಗಂಡಸ್ರಿಗೆ ಇಲ್ಲೇನು ಕೆಲಸ? ಆಚಿ ಹೋಗು!" ಬಾಗಿಲು ತೆರೆಯಲಿಲ್ಲ.

ಕೂಗಿದರೆ ಕೇಳುವ ಹೆಂಗಸಲ್ಲ. ಬೇಡಿಕೊಂಡರೂ ಕೇಳುವುದಿಲ್ಲ. ಅವತ್ತು ಬಂಡಿಯ ಮುಂದೆ ಕಾಲು ಹಿಡಿದು ಬೇಡಿಕೊಂಡಿರಲಿಲ್ಲವೇ? ಬೋರಣ್ಣ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದ. ಜಾರ್ಜ್ ದೊರೆಯ ಬೆಳ್ಳಿಹಬ್ಬವೆಂದು ತಾಲೂಕು ಕಚೇರಿಗೆ ಸುಣ್ಣ ಹೊಡೆಯುತ್ತಿದ್ದ ವರ್ಷ ಅದು. ಅರ್ಧ ಸುಣ್ಣ ಕಂಡಿದ್ದ ಆ ಗೋಡೆಯವರೆಗೆ ಓಡಿದವನು ಅಲ್ಲೇ ನಿಂತ. ಪಾಡ್ಯದ ಹೊತ್ತು ನೋಡಿ ಹೇಳಿದ್ದ ಜೋಯಿಸರ ಮನೆ ಮುಂದಿನ ಬೀದಿಯಲ್ಲಿತ್ತು. ಅಲ್ಲಿಗೆ ಹೋಗಲಿಲ್ಲ. ಹೋಗಿಬಂದಷ್ಟು ಹೊತ್ತಾಗಲೆಂದು ಕೊಂಚ ನಿಂತಿದ್ದು ಮನೆಗೆ ತಿರುಗಿದ.

"ಅವ್ವಾ, ಜೋಯಿಸರ ಹತ್ರ ಹೋಗಿದ್ದೆ" ಎಂದ ಬಾಗಿಲ ಬಳಿ. ದನಿ ತನ್ನದಲ್ಲವೆನಿಸಿತು. "ಅವರು ನೋಡಿದ್ದು ತಪ್ಪಂತ. ಪಾಡ್ಯ ಹನ್ನೆರಡು ಗಂಟಿಗೇ ಮುಗದೈತಂತ. ಈಗ ಬಿದಿಗಿ ನಡದೈತಿ."

ಒಳಗೆ ಒಮ್ಮೆಲೇ ಸದ್ದಡಗಿತು. ಬಾಗಿಲು ತೆರೆಯಿತು. ಬೆವರಿಳಿಯುತ್ತಿದ್ದ ಉಜ್ಜಿನಮ್ಮ ಮಗನ ಮುಖವನ್ನೇ ನೋಡಿದಳು. ಬೇರೆ ಯಾರಾದರೂ ಹೇಳಿದ್ದರೆ ತಾನೇ ಜೋಯಿಸರ ಮನೆಗೆ ನಡೆಯುತ್ತಿದ್ದಳು.

"ಮುಗೀತಂತೇನು?" ಎಂದಳು.

"ಹೌದವ್ವ."

ಆಕೆ ಕೋಣೆಯತ್ತ ತಿರುಗಿದಳು. "ಓಬಕ್ಕ, ನಿನ್ನ ಮನಸಿಗೆ ಬಂದಂಗ ಮಾಡವ್ವ" ಎಂದು ಹೇಳಿ, ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದು ಕುಳಿತಳು. ಬೋರಣ್ಣ ಕಂಬಕ್ಕೆ ಒರಗಿ ನಿಂತ. ತಾಯಿ ಮಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹೊತ್ತು ಹೋಗಲೊಲ್ಲದು. ಗಡಿಯಾರ ತೆಗೆಯುವನು, ನೋಡುವನು, ಜೇಬಿಗೆ ಹಾಕುವನು, ಮತ್ತೆ ತೆಗೆಯುವನು...

ಮೂರಕ್ಕೆ ಹತ್ತು ನಿಮಿಷವಿದ್ದಾಗ ಕೂಸು ಅತ್ತಿತು.

"ಹೆಣ್ಣು ಕೂಸ್ರಿ! ತಾಯಿ ಕಣ್ಣು ಬಿಟ್ಟಾಳ, ಏನೂ ಅಂಜಬ್ಯಾಡ್ರಿ!" ಓಬಕ್ಕ ಒಳಗಿಂದ ಕೂಗಿದಳು. ಉಜ್ಜಿನಮ್ಮ ಎದ್ದು ಒಳಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡಳು, ಮೂಸಿದಳು, ನೆಟಿಕೆ ಮುರಿದಳು. ಸೊಸೆಯ ಹಣೆ ಒರೆಸಿದಳು. ಆಮೇಲೆ ಯಾರಿಗೂ ಹೇಳದೆ ಹಿತ್ತಲಿಗೆ ಹೋದಳು.

ಬೋರಣ್ಣ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಾವಿನೆಲೆಗಳನ್ನು ಬಿಚ್ಚಿ ದನದ ಮುಂದೆ ಹಾಕಿದಳು. ನೆನೆಹಾಕಿದ್ದ ಕಡಲೆಬೇಳೆಯನ್ನೂ ಸುರಿದಳು. ನಿನ್ನೆ ಸಂಜೆಯೇ ಕೊಯ್ದು ತಂದಿದ್ದ ಬೇವಿನ ಹೂವನ್ನು ಮೊರದಿಂದ ತಿಪ್ಪೆಗೆ ಕೊಡವಿದಳು. ಹದಿಮೂರು ವರ್ಷದಲ್ಲಿ ಮೊದಲ ಸಲ ತಂದ ಹೂವು!

ಸುಮ್ಮನಿದ್ದರೆ ಮುಗಿದೇಹೋಗುತ್ತಿತ್ತು. ಹೆಂಡತಿ ಉಳಿದಳು, ಕೂಸು ಉಳಿಯಿತು. ಹೋದದ್ದೇನು? ತಾನು ನಂಬದ ಒಂದು ಹಬ್ಬ. ಇಲ್ಲದ ದೇವರ ಲೆಕ್ಕದಲ್ಲಿ ಒಂದು ದಿನ. ಬೋರಣ್ಣ ಹಾಗೆಂದುಕೊಳ್ಳಲು ನೋಡಿದ, ಆಗಲಿಲ್ಲ. ದೇವರು ಇಲ್ಲದಿದ್ದರೂ ಅವ್ವ ಇದ್ದಳು. ಆಕೆ ಹದಿಮೂರು ವರ್ಷ ಕಾದದ್ದು ನಿಜ, ಹಬ್ಬ ಇವತ್ತು ಮನೆಗೆ ಬಂದದ್ದೂ ಆಕೆಯ ಪಾಲಿಗೆ ನಿಜ. ಅದನ್ನು ತಾನು ಆಕೆಯ ಕೈಯಿಂದ ಕಿತ್ತುಕೊಂಡಿದ್ದ. ಹಿತ್ತಲಿಗೆ ಇಳಿದ.

"ಅವ್ವಾ... ನಾನು ಸುಳ್ಳು ಹೇಳಿದೆ. ಜೋಯಿಸರ ಮನಿಗೆ ಹೋಗೇ ಇಲ್ಲ. ಪಾಡ್ಯ ಇನ್ನಾ ಐತಿ. ಕೂಸು ಹಬ್ಬದ ದಿನಾನೇ ಹುಟ್ಟೈತಿ."

ಉಜ್ಜಿನಮ್ಮನ ಕೈಯಿಂದ ಮೊರ ಜಾರಿತು. "ನೀನು? ನೀನು ಸುಳ್ಳು ಹೇಳಿದ್ಯಾ? ಯಾಕ?"

"ಯಾಕ ಅಂತ ಕೇಳ್ತೀಯವ್ವ? ಇನ್ನೊಂದು ಗಳಿಗಿ ಬಿಟ್ಟಿದ್ರ ಆಕಿನ್ನ ಕೊಂದುಬಿಡ್ತಿದ್ದಿ! ಹಬ್ಬಕ್ಕ ಕೊಂದುಬಿಡ್ತಿದ್ದಿ!" ಅಷ್ಟಕ್ಕೆ ನಿಲ್ಲಿಸಬೇಕೆಂದಿದ್ದ. ನಾಲಿಗೆ ನಿಲ್ಲಲಿಲ್ಲ. "ಅಪ್ಪಗೂ ಹಂಗೇ ಮಾಡಿದಿ. ಬಂಡಿ ಕಟ್ಟಿ ನಿಲ್ಲಿಸಿದ್ದೆ... ಅಮಾಸಿ ಅಂದಿ, ಹಬ್ಬ ಕಳೀಲಿ ಅಂದಿ... ಅಪ್ಪ ನನ್ನ ಮುಖ ನೋಡಿಕೋತ ಹೋದ ಅವ್ವ!"

ಅಂದುಬಿಟ್ಟ ಮೇಲೆ ಬಾಯಿ ಮುಚ್ಚಿಕೊಂಡ. ಉಜ್ಜಿನಮ್ಮ ಅಳಲಿಲ್ಲ, ಬೈಯಲೂ ಇಲ್ಲ.

"ಇಷ್ಟು ವರ್ಷ ಇದನ್ನ ಹೊಟ್ಟಿಯಾಗ ಇಟ್ಕೊಂಡು ನಾ ಹಾಕಿದ ಕೂಳು ತಿಂದ್ಯೇನಪ್ಪ?" ಎಂದಳು ಮೆಲ್ಲಗೆ. "ನನಗ ಗೊತ್ತಿಲ್ಲ ಅಂತ ತಿಳಕೊಂಡಿದ್ಯಾ? ದಿನಾ ಆ ಬಂಡಿ ನನ್ನ ಕಣ್ಣ ಮುಂದ ನಿಂದರತೈತಿ. ಹಬ್ಬ ತಿರುಗಿ ಬಂದ್ರ... ದೇವರು ನನ್ನ ತಪ್ಪು ಹೊಟ್ಟಿಗೆ ಹಾಕ್ಕೊಂಡ ಅಂತ ತಿಳಕೋಬೇಕು ಅಂದಿದ್ದೆ. ಅದಕ್ಕ... ಅದಕ್ಕ ಈ ಹುಡುಗಿ ಮ್ಯಾಲೂ ಕೈ ಹಾಕಿದೆನಲ್ಲೋ!"

ಮಾತು ಮುಗಿಸುವ ಮುಂಚೆಯೇ ಒಳಗೆ ನಡೆದಳು. ಬೋರಣ್ಣ ಹಿಂದೆಯೇ ಓಡಿದ. ಅವನು ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಮುದುಕಿ ಬಾಣಂತಿಯ ಕಾಲು ಹಿಡಿದುಕೊಂಡು ಕುಸಿದಿದ್ದಳು. ಓಬಕ್ಕ ದಿಕ್ಕು ತಿಳಿಯದೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

"ಅಯ್ಯೋ, ಕಾಲು ಬಿಡ್ರಿ ಅತ್ತೆಮ್ಮ! ನಂಗೇನಾಗೈತೆ? ಬದುಕಿದೀನಿ ಕಣ್ರಿ... ನೋಡ್ರಿ ಇಲ್ಲಿ, ಬದುಕಿದೀನಿ!" ಏಳಲಾರದ ಚಿತ್ತಮ್ಮ ಕೈ ಚಾಚಿ ಅತ್ತೆಯ ನರೆತ ತಲೆಯನ್ನು ತಡವುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು...

ಕೂಸು ಹುಟ್ಟಿದ ಮನೆಗೆ ಪುರುಡು, ಅವತ್ತು ಹಬ್ಬ ಮಾಡುವಂತಿರಲಿಲ್ಲ; ಆಸೆಯಲ್ಲಿ ಉಜ್ಜಿನಮ್ಮ ಅದನ್ನೂ ಮರೆತು ಎಲ್ಲ ತಂದಿಟ್ಟಿದ್ದಳು. ಹಬ್ಬವೇನಿದ್ದರೂ ಬರುವ ವರ್ಷದಿಂದ. ಆದರೆ ಆ ವರ್ಷ ಹೇಗೆ ಕಳೆಯಿತೆಂಬುದು ಬೋರಣ್ಣನೊಬ್ಬನಿಗೇ ಗೊತ್ತು. ಉಜ್ಜಿನಮ್ಮ ಮೊಮ್ಮಗಳಿಗೆ ಎರೆದಳು, ತೊಟ್ಟಿಲು ತೂಗಿದಳು, ಸೊಸೆಗೆ ಪಥ್ಯ ಮಾಡಿ ಹಾಕಿದಳು. ಹಬ್ಬದ ಮಾತನ್ನು ಮಾತ್ರ ಎತ್ತಲಿಲ್ಲ. ಗೌರಿ ಬಂದು ಹೋಯಿತು, ದೀಪಾವಳಿ ಬಂದು ಹೋಯಿತು. ಎಲ್ಲವನ್ನೂ ಸೊಸೆಯ ಕೈಯಿಂದ ಮಾಡಿಸಿ ತಾನು ಪಡಸಾಲೆಯಲ್ಲಿ ಕುಳಿತಿದ್ದಳು. ಆಡಬಾರದ್ದನ್ನು ಆಡಿ ಅವ್ವನ ದೇವರನ್ನೂ ತಾನೇ ಕಸಿದೆನೇ ಎಂದು ಬೋರಣ್ಣನಿಗೆ ಸ್ಟೇಷನ್ನಿನಲ್ಲೂ ಅದೇ ಯೋಚನೆ. ಒಮ್ಮೆ ಬಳ್ಳಾರಿಗೆಂದು ಕಾಸು ಕೊಟ್ಟವನಿಗೆ ಬೇರೆ ಊರಿನ ಟಿಕೆಟು ಕೊಟ್ಟು ಬೈಸಿಕೊಂಡದ್ದೂ ಆಯಿತು.

ಮರುವರ್ಷದ ಯುಗಾದಿಯ ಬೆಳಿಗ್ಗೆ ಅವನು ಎಂದಿನಂತೆ ಕೆಲಸಕ್ಕೆ ಹೊರಟು ಕೋಟು ಹಾಕಿಕೊಳ್ಳುತ್ತಿದ್ದ. ಉಜ್ಜಿನಮ್ಮ ಎದುರಿಗೆ ಬಂದು ನಿಂತಳು. ಕೈಯಲ್ಲಿ ಮಾವಿನೆಲೆಯ ಗೊಂಚಲು, ಬೇವಿನ ಹೂವು, ಒಂದು ಅಚ್ಚು ಬೆಲ್ಲ.

"ಕೋಟು ಬಿಚ್ಚಿಡಪ್ಪ. ತೋರಣ ಕಟ್ಟು. ದೀಪ ಹಚ್ಚು. ಇವತ್ತಿನ ಹಬ್ಬ ನೀನು ಮಾಡಬೇಕು."

"ನಾನಾ? ಅವ್ವಾ, ನನಗ ನಂಬಿಕಿ ಇಲ್ಲಲ್ಲ. ಈಗೂ ಇಲ್ಲ. ನಿನಗ ಸುಳ್ಳು ಹೇಳಂಗಿಲ್ಲ."

"ಇರಬೇಕು ಅಂತ ಯಾರು ಹೇಳ್ಯಾರ?" ಉಜ್ಜಿನಮ್ಮನ ದನಿ ಗಟ್ಟಿಯಾಗಿತ್ತು. "ನಂಬಿದ ಕೈ ಏನು ಮಾಡಾಕ ಹೋಗಿತ್ತು ಅಂತ ಕಣ್ಣಾರೆ ನೋಡಿದಿಯಲ್ಲ. ಎರಡು ಸಲ ನೋಡಿದಿ. ನನ್ನ ಕೈಲಿ ಇನ್ನ ಈ ಹಬ್ಬ ಬ್ಯಾಡ. ಆಕಿ ಜೀವ ಉಳಿಸಿದ ಕೈ ನಿಂದು. ನಂಬದಿದ್ರ ಬ್ಯಾಡ... ನೀನೇ ಮಾಡು."

ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಚಿತ್ತಮ್ಮ ನಿಂತಿದ್ದಳು. ಬೋರಣ್ಣ ಆಕೆಯ ಮುಖ ನೋಡಿದ, ಅವ್ವನ ಮುಖ ನೋಡಿದ. ಕೋಟು ಬಿಚ್ಚಿ ಗೂಟಕ್ಕೆ ಹಾಕಿದ.

ತೋರಣ ಒಂದು ಕಡೆ ಏರಿತು, ಒಂದು ಕಡೆ ಇಳಿಯಿತು. ದೀಪದ ಬತ್ತಿ ಎರಡು ಸಲ ಎಣ್ಣೆಯಲ್ಲಿ ಮುಳುಗಿತು. ಮಂತ್ರ ಅವನಿಗೆ ಬರುತ್ತಿರಲಿಲ್ಲ, ಬಂದಿದ್ದರೂ ಹೇಳುತ್ತಿರಲಿಲ್ಲ. ಬೇವಿನ ಹೂವು, ಬೆಲ್ಲ ಕಲಸಿ ಬಟ್ಟಲಿಗೆ ಹಾಕಿ ಮೊದಲು ಚಿತ್ತಮ್ಮನಿಗೆ ಕೊಟ್ಟ, ಮಗುವಿನ ನಾಲಿಗೆಗೆ ಒಂದು ಚೂರು ಹಚ್ಚಿದ. ಮಗು ಮುಖ ಕಿವುಚಿ, ಆಮೇಲೆ ಇನ್ನಷ್ಟು ಬೇಕೆಂದು ಕೈ ಚಾಚಿತು. ತಾನೂ ಬಾಯಿಗೆ ಹಾಕಿಕೊಂಡ. ಹದಿನಾಲ್ಕು ವರ್ಷದ ಮೇಲೆ ಆ ಕಹಿ ಅವನ ನಾಲಿಗೆಗೆ ತಗುಲಿತು.

ಬಟ್ಟಲು ಹಿಡಿದು ಪಡಸಾಲೆಗೆ ಬಂದ. ಉಜ್ಜಿನಮ್ಮ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದಳು. ಅವನು ಅಂಗೈಗೆ ಹಾಕಿದ ಬೇವುಬೆಲ್ಲವನ್ನು ಆಕೆ ತಿನ್ನಲಿಲ್ಲ. ಹಾಗೇ ಹಿಡಿದುಕೊಂಡು ಮಗನ ಮುಖ ನೋಡಿದಳು.

"ನಿಮ್ಮಪ್ಪಗ ಇಟ್ಯೇನಪ್ಪ?"

ಸತ್ತವರು ಉಣ್ಣುವುದಿಲ್ಲವೆಂದು ಬೋರಣ್ಣನಿಗೆ ಗೊತ್ತಿತ್ತು. ಇಟ್ಟೆನೆಂದು ಹೇಳಿದ್ದರೆ ಮುದುಕಿ ಎದ್ದು ಹೋಗಿ ನೋಡುತ್ತಿರಲಿಲ್ಲ.

"ಇಲ್ಲವ್ವ" ಎಂದ. "ತಡಿ, ಇಟ್ಟು ಬರ್ತೀನಿ."

ಒಳಗೆ ಹೋಗಿ ದೀಪದ ಮುಂದೆ ಬಾಳೆಎಲೆಯ ತುಂಡೊಂದನ್ನು ಹಾಸಿದ. ಅದರ ಮೇಲೆ ಒಂದಿಷ್ಟು ಬೇವುಬೆಲ್ಲ ಇಟ್ಟು ಅಲ್ಲೇ ಕುಳಿತ. ಹೊರಗೆ ಅವ್ವ ಬಾಯಿಬಿಟ್ಟು ಅಳುವುದು ಕೇಳಿಸುತ್ತಿತ್ತು. ಆಕೆ ಅತ್ತು ಮುಗಿಸುವವರೆಗೆ ಅವನು ಎಲೆಯ ಮುಂದಿನಿಂದ ಏಳಲಿಲ್ಲ.