ನಲವತ್ತಮೂರನೆಯ ಕಿಟಕಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಕಿಟಕಿ ಮುರಿದು ಕಳ್ಳತನವಾಗಿದೆ ಎಂಬ ದೂರುಗಳನ್ನು ಇಪ್ಪತ್ತಾರು ವರ್ಷಗಳ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದರು. ಒಂದು ಕಿಟಕಿ ಹೆಚ್ಚಾಗಿದೆ ಎಂಬ ದೂರು ಇದೇ ಮೊದಲು.

ದೂರುದಾರರು ಒಬ್ಬ ಬಿಲ್ಡರ್. ಅವರು ಕಟ್ಟಿಸಿದ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ಮೆಟ್ಟಿಲ ಕೆಳಗಿನ ವಾಚ್‌ಮನ್ ಕೋಣೆಗೆ, ಮಂಜೂರಾದ ನಕ್ಷೆಯಲ್ಲಿಲ್ಲದ ಕಿಟಕಿಯೊಂದು ಬಂದು ಕೂತಿತ್ತು. ಅದರ ಬಾಗಿಲು ಹೊರಕ್ಕೆ ತೆರೆಯುವುದರಿಂದ ಒಂದು ಕಾರು ನಿಲ್ಲಿಸುವ ಜಾಗ ಹೋಯಿತು. ಯಾರೋ ನಕ್ಷೆಯ ಫೈಲನ್ನೇ ತಿದ್ದಿದ್ದಾರೆ, ಆ ಯಾರೋ ತಮ್ಮ ಸೈಟ್ ಎಂಜಿನಿಯರ್ ಹುಡುಗಿಯೇ, ವಾಚ್‌ಮನ್ ಹೆಂಡತಿಯ ಜೊತೆ ಅವಳಿಗೆ ಸಲಿಗೆ ಜಾಸ್ತಿ ಎಂಬುದು ಅವರ ವಾದ. ಶುಕ್ರವಾರ ಆ ಎಂಜಿನಿಯರನ್ನು ಕೆಲಸದಿಂದ ತೆಗೆಯುವುದಾಗಿಯೂ, ಊರಿನ ಯಾವ ಸೈಟಿನಲ್ಲೂ ಅವಳಿಗೆ ಕೆಲಸ ಸಿಗದ ಹಾಗೆ ಮಾಡುವುದಾಗಿಯೂ ಹೇಳಿದರು. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಎಂಜಿನಿಯರ್‌ಗೆ ಇಪ್ಪತ್ನಾಲ್ಕು ವರ್ಷ, ಇದು ಮೊದಲ ಕೆಲಸ. ಸೈಟಿನ ತಗಡಿನ ಶೆಡ್ಡಿನಲ್ಲಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಫೈಲ್ ನಿಮ್ಮ ಕೈಗೆ ಹೇಗೆ ಬಂತು?"

"ಆರ್ಕಿಟೆಕ್ಟ್ ಆಫೀಸಿಂದ ಇಮೇಲಲ್ಲಿ ಬಂತು ಸರ್, ಡಿಡಬ್ಲ್ಯುಜಿ. ನಮ್ಮ ಕಂಪ್ಯೂಟರ್ ಹಳೇದು, ಅದನ್ನ ತೆಗೀಲೇ ಇಲ್ಲ. ಪ್ರಿಂಟಿಂಗ್ ಅಂಗಡೀಲಿ ಅದನ್ನ ಎಲ್ಲ ಕಂಪ್ಯೂಟರಲ್ಲೂ ತೆಗೆಯೋ ಡಿಎಕ್ಸ್‌ಎಫ್ ಮಾಡಿಸ್ಕೊಂಡೆ."

"ಮಂಜೂರಾದ ಪ್ಲಾನ್ ಜೊತೆ ಹೋಲಿಸಿ ನೋಡ್ಲಿಲ್ವಾ?"

"ಮೇಲಿನ ಮಹಡಿಗಳನ್ನ ನೋಡ್ದೆ. ಕೆಳಗಿನ ಮಹಡೀದು ಅದೇ ಫೈಲಿನ ಪಟ್ಟಿಗೆ ತಾಳೆ ಆಯ್ತು ಸರ್, ಅದಕ್ಕೇ ನಂಬ್ದೆ."

ಆ ಪಟ್ಟಿ ಏನೆಂಬುದು ಮಂಗಳವಾರ ಆರ್ಕಿಟೆಕ್ಟ್ ಆಫೀಸಿನಲ್ಲಿ ತಿಳಿಯಿತು. ಪ್ರತಿ ನಕ್ಷೆಯ ಮೂಲೆಯಲ್ಲಿ ಬಾಗಿಲೆಷ್ಟು, ಕಿಟಕಿಯೆಷ್ಟು ಎಂದು ಒಂದು ಪಟ್ಟಿ ಇರುತ್ತದೆ. ಬಡಗಿಗೆ ಅದೇ ಆಧಾರ. ಇನ್‌ಸ್ಪೆಕ್ಟರ್ ಮೂರೂ ಫೈಲುಗಳನ್ನು ಅಕ್ಕಪಕ್ಕ ತೆರೆಸಿದರು. ಮಂಜೂರಾದ ಪಿಡಿಎಫ್‌ನಲ್ಲಿ ಕಿಟಕಿ ನಲವತ್ತೆರಡು. ಮೂಲ ಡಿಡಬ್ಲ್ಯುಜಿಯಲ್ಲಿ ನಲವತ್ತೆರಡು. ಸೈಟಿನ ಡಿಎಕ್ಸ್‌ಎಫ್‌ನಲ್ಲಿ ಮಾತ್ರ ನಲವತ್ತಮೂರು, ಪಟ್ಟಿಯಲ್ಲೂ ನಲವತ್ತಮೂರು.

ಜೊತೆಗಿದ್ದ ಹಿರಿಯ ಕಾನ್‌ಸ್ಟೇಬಲನ್ನು ಠಾಣೆಯಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದರು. ಯಾವ ವಿಷಯವೇ ಆಗಲಿ, ತಮಗೆ ಅರ್ಥವಾದ ಮೇಲೆ ಉಳಿದವರಿಗೂ ಅರ್ಥ ಮಾಡಿಸದೆ ಬಿಡುವವರಲ್ಲ.

"ಡಿಡಬ್ಲ್ಯುಜಿ ಅಂದ್ರೆ ಗೆರೆ ಹಾಕಿದ ಬಟ್ಟೆ ಸರ್, ಪಿಡಿಎಫ್ ಅಂದ್ರೆ ಹೊಲಿದು ಮುಗಿಸಿದ ಅಂಗಿ. ಡಿಎಕ್ಸ್‌ಎಫ್ ಅಂದ್ರೆ ಅದೇ ಬಟ್ಟೇನ ಯಾವ ದರ್ಜಿ ಬೇಕಾದ್ರೂ ಹೊಲಿಯೋ ಹಾಗೆ ಮಡಿಸಿ ಕೊಡೋದು."

"ಮಡಿಸೋವಾಗ ಒಂದು ಜೇಬು ಜಾಸ್ತಿ ಆಗಿದೆ ಅನ್ನಿ ಮಾವ," ಎಂದರು ಇನ್‌ಸ್ಪೆಕ್ಟರ್.

ಜೀಪಿನಲ್ಲಿ ಅವರ ತಲೆಯಲ್ಲಿ ಕೊರೆಯುತ್ತಿದ್ದುದು ಕಿಟಕಿಯಲ್ಲ, ಪಟ್ಟಿ. ಸಲಿಗೆಗೋ ಲಂಚಕ್ಕೋ ತಿದ್ದುವವರು ಕಿಟಕಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಮೂಲೆಗೆ ಹೋಗಿ ಮೊತ್ತವನ್ನೂ ಸರಿಪಡಿಸುವವರು ನಕ್ಷೆ ಬರೆದೇ ಕೈ ಪಳಗಿಸಿಕೊಂಡವರು. ಎಂಜಿನಿಯರ್ ಹುಡುಗಿಯ ಕಂಪ್ಯೂಟರಿನಲ್ಲಾದರೋ ಡಿಎಕ್ಸ್‌ಎಫ್ ಫೈಲನ್ನು ನೋಡಬಹುದಿತ್ತೇ ಹೊರತು ಒಂದು ಗೆರೆ ಎಳೆಯುವಂತಿರಲಿಲ್ಲ.

ಬುಧವಾರ ಮಧ್ಯಾಹ್ನ 3.30ಕ್ಕೆ ಇಬ್ಬರೂ ಪ್ರಿಂಟಿಂಗ್ ಅಂಗಡಿಗೆ ಹೋದರು. ಕಾಗದದ ಉದ್ದ ಸುರುಳಿಗಳು ಗೋಡೆಗೆ ಒರಗಿದ್ದವು, ದೊಡ್ಡ ಪ್ರಿಂಟರ್ ನಿಧಾನವಾಗಿ ಯಾರದೋ ಮನೆಯ ನಕ್ಷೆಯನ್ನು ಹೊರಗೆ ಬಿಡುತ್ತಿತ್ತು. ಅಂಗಡಿಯಾಕೆಗೆ ಐವತ್ತರ ಆಸುಪಾಸು. ಮೂವತ್ತು ವರ್ಷಗಳ ಹಿಂದೆ ಬೋರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯುತ್ತಿದ್ದವರು, ಈಗ ಯಾರ ಫೈಲನ್ನಾದರೂ ಯಾವ ರೂಪಕ್ಕಾದರೂ ಬದಲಿಸಿಕೊಡುತ್ತಿದ್ದರು. ಎಂಜಿನಿಯರುಗಳಿಗೆಲ್ಲ ಅವರು ಅಕ್ಕ.

ಅಕ್ಕನ ರಿಜಿಸ್ಟರು ಮುತ್ತು ಪೋಣಿಸಿದ ಹಾಗಿತ್ತು. ಕಟ್ಟಡ ಏಳುವ ಮೊದಲು, ಫೈಲ್ ಬದಲಿಸಿದ ದಿನ ಎಂಜಿನಿಯರಿನ ಪೆನ್‌ಡ್ರೈವ್ ಅಂಗಡಿಗೆ ಬಂದದ್ದು 3.40ಕ್ಕೆ, ವಾಪಸು ಹೋದದ್ದು 4.15ಕ್ಕೆ. ಫೈಲ್ ಕೊನೆಯ ಬಾರಿ ಸೇವ್ ಆದದ್ದು ಅದೇ ದಿನ 4.12ಕ್ಕೆ. ಇನ್‌ಸ್ಪೆಕ್ಟರ್ ಎರಡನ್ನೂ ಆಕೆಯ ಮುಂದಿಟ್ಟರು.

"ಆ ಹುಡುಗಿಗೆ ಏನಾಗುತ್ತೆ ಸರ್?"

"ನಾಡಿದ್ದು ಕೆಲಸ ಹೋಗುತ್ತೆ."

ಅಕ್ಕ ಪ್ರಿಂಟರ್ ಆರಿಸಿದರು. "ಹಾಗಾದ್ರೆ ಬರ್ಕೊಳ್ಳಿ. ಕಿಟಕಿ ಹಾಕಿದ್ದು ನಾನು."

"ಪಟ್ಟೀನ ಯಾಕೆ ತಿದ್ದಿದ್ರಿ? ಅದನ್ನ ಹಾಗೇ ಬಿಟ್ಟಿದ್ರೆ ನಿಮ್ಮ ಮೇಲೆ ಅನುಮಾನಾನೇ ಬರ್ತಿರ್ಲಿಲ್ಲ."

ಆ ಪ್ರಶ್ನೆಗೆ ಮಾತ್ರ ಆಕೆಗೆ ಸಿಟ್ಟು ಬಂತು. "ಲೆಕ್ಕ ತಪ್ಪಿದ ಪ್ಲಾನ್ ನನ್ನ ಅಂಗಡಿಯಿಂದ ಹೊರಗೆ ಹೋಗಲ್ಲ ಸರ್."

ಮಾವ ಮುಖ ತಿರುಗಿಸಿ ಕೆಮ್ಮಿದರು. 4.50ಕ್ಕೆ ಬಂಧನವಾಯಿತು. ಕಂಪ್ಯೂಟರ್, ರಿಜಿಸ್ಟರು ಜಪ್ತಿಯಾದವು.

ಗುರುವಾರ ಬೆಳಿಗ್ಗೆ 9.30ಕ್ಕೆ ವಾಚ್‌ಮನ್ ಕೋಣೆಯಲ್ಲಿ ಪಂಚನಾಮೆ. ಇಬ್ಬರು ಪಂಚರ ಎದುರಿಗೆ ಮಾವ ಟೇಪು ಹಿಡಿದು ಅಳೆದರು: ಎರಡೂವರೆ ಅಡಿ ಅಗಲ, ಮೂರಡಿ ಎತ್ತರ. ವಾಚ್‌ಮನ್ ಹೆಂಡತಿ ಕಿಟಕಿಯ ಕೆಳಗೆ ಕೂತು ಕಾಳು ಆರಿಸುತ್ತಿದ್ದವಳು ಎದ್ದು ಜಾಗ ಬಿಟ್ಟಳು. ಎಂಜಿನಿಯರನ್ನು ತೆಗೆಯುವ ಮಾತನ್ನು ಬಿಲ್ಡರ್ ನುಂಗಿಕೊಂಡಿದ್ದರು. ಆದರೆ ಗಾರೆಯವನನ್ನು, ಇಟ್ಟಿಗೆಯನ್ನು ಜೊತೆಗೇ ತಂದಿದ್ದರು.

"ಇಟ್ಟಿಗೆ ಇಳಿಸ್ಬೇಡಿ," ಎಂದರು ಇನ್‌ಸ್ಪೆಕ್ಟರ್. "ಈ ಕಿಟಕಿ ಈಗ ಸಾಕ್ಷ್ಯ. ಕೋರ್ಟ್ ಹೇಳೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

ಅದಕ್ಕೆಷ್ಟು ದಿನವೆಂದು ಬಿಲ್ಡರ್ ಕೇಳಿದಾಗ ಮಾವ, ಒಂದು ಸೈಕಲ್ ಕಳ್ಳತನದ ಕೇಸಿಗೆ ಹನ್ನೊಂದು ವರ್ಷಗಳಿಂದ ತಾವು ಸಾಕ್ಷಿ ಹೇಳಲು ಹೋಗಿ ಬರುತ್ತಿರುವುದನ್ನು ವಿವರವಾಗಿ ತಿಳಿಸಿದರು. ಗಾರೆಯವನು ಕರಣೆಯನ್ನು ಚೀಲಕ್ಕೆ ಹಾಕಿಕೊಂಡ. ಇನ್‌ಸ್ಪೆಕ್ಟರಿಗೆ ಒಳಗೊಳಗೇ ಖುಷಿಯಾಯಿತು. ನಿಯಮ ಮೀರದೆ ಹೀಗೆ ಖುಷಿಪಡುವ ದಿನ ಅವರ ಕೆಲಸದಲ್ಲಿ ಅಪರೂಪ.

ಅಂದೇ ಮಧ್ಯಾಹ್ನ ಠಾಣೆಯಲ್ಲಿ ಅಕ್ಕನ ಹೇಳಿಕೆ ದಾಖಲಾಯಿತು. ಆಕೆಯ ಅಪ್ಪನೂ ವಾಚ್‌ಮನ್. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆರು ಜನ, ಹದಿನಾಲ್ಕು ವರ್ಷ.

"ಕರೆಂಟ್ ಹೋದ್ರೆ ಮಧ್ಯಾಹ್ನ ಹನ್ನೆರಡಕ್ಕೂ ಅಮ್ಮನ ಮುಖ ಕಾಣ್ತಿರ್ಲಿಲ್ಲ ಸರ್. ಆ ಪ್ಲಾನ್ ತೆಗೆದಾಗ ಅದೇ ಕೋಣೆ ಕಾಣಿಸ್ತು. ಕೈ ತಡೀಲಿಲ್ಲ."

ಜಾಮೀನಿನ ಕಾಗದಕ್ಕೆ ಸಹಿ ಮಾಡುವಾಗ, ಕಿಟಕಿ ಮುಚ್ಚಿದರಾ ಎಂದು ಆಕೆ ತಲೆ ಎತ್ತದೆ ಕೇಳಿದರು. ಕೇಸು ಮುಗಿಯುವವರೆಗೆ ಮುಚ್ಚುವಂತಿಲ್ಲ ಎಂದರು ಇನ್‌ಸ್ಪೆಕ್ಟರ್. ಅಕ್ಕನ ಪೆನ್ನು ಅಲ್ಲೇ ನಿಂತಿತು. ಮುಖ ತುಂಬ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಹಾಗಾದ್ರೆ ನಮ್ಮ ವಕೀಲರಿಗೆ ಹೇಳ್ತೀನಿ ಸರ್," ಎಂದರು, "ಎಷ್ಟು ಸಲ ಬೇಕಾದ್ರೂ ವಾಯಿದೆ ತಗೊಳ್ಳಿ ಅಂತ."