ವಾಸು ಕೇಳದೆ ಉಳಿದಿದ್ದ ಅನುಮತಿ

ಅಡ್ರೆಸ್ ಪ್ರೂಫ್ ಇಲ್ಲದೆ ರಿಜಿಸ್ಟರ್ ಮಾಡಿಕೊಳ್ಳಲು ಬರುವುದಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದಾಗ, ಕೌಂಟರಿನ ಆಚೆ ನಿಂತಿದ್ದವನು ಕೆಂಪಾದ ಮೂಗು ಒರೆಸಿಕೊಳ್ಳುತ್ತ ಕನ್ನಡದಲ್ಲಿ ಗೊಣಗಿದ.

"ಈ ಊರಲ್ಲಿ ಜ್ವರ ಬರೋಕೂ ಗ್ಯಾಸ್ ಬಿಲ್ ಬೇಕು!"

"ಜ್ವರಕ್ಕ ಬ್ಯಾಡ್ರಿ, ಡಾಕ್ಟರಿಗೆ ಬೇಕು," ಅಂದೆ.

ಅವನ ಮುಖ ನೋಡಬೇಕಿತ್ತು. ಕಿಂಗ್ಸ್‌ಬರಿಯ ಬೀದಿಯಲ್ಲಿ ಗುಜರಾತಿ ಬೇಕಾದಷ್ಟು ಕೇಳುತ್ತದೆ. ಜಿಪಿ ಸರ್ಜರಿ ಅನ್ನುವ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಧಾರವಾಡದ ಕನ್ನಡದಲ್ಲಿ ತಿರುಗೇಟು ಕೊಟ್ಟಾಳೆಂದು ಅವನೇನು ಕನಸು ಕಂಡಿದ್ದನೇ?

ಅದು 2002ರ ಬೇಸಿಗೆ. ಅವನ ಹೆಸರು ವಾಸು, ಊರು ಬೆಂಗಳೂರು. ಕ್ಯಾನರಿ ವಾರ್ಫಿನ ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸಕ್ಕೆ ವರ್ಕ್ ಪರ್ಮಿಟ್ ಮೇಲೆ ಆಗಷ್ಟೇ ಬಂದಿದ್ದ. ಬಾಡಿಗೆ ಕೋಣೆಯ ಬಿಲ್ಲುಗಳೆಲ್ಲ ಮಾಲೀಕನ ಹೆಸರಿನಲ್ಲಿ. ಅಕೌಂಟ್ ತೆರೆಯಲು ಹೋದರೆ ಬಿಲ್ ತಾ ಅನ್ನುತ್ತಾರೆ, ಬಿಲ್ ಮಾಡಿಸಲು ಹೋದರೆ ಅಕೌಂಟ್ ಎಲ್ಲಿ ಅನ್ನುತ್ತಾರೆ. ಕೆಮ್ಮುತ್ತಲೇ ಇದನ್ನೆಲ್ಲ ಹೇಳಿದ. ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಆದರೂ ನಿಯಮ ಸಡಿಲಿಸಲಿಲ್ಲ. ಕಂಪನಿಯಿಂದ ವಿಳಾಸ ಬರೆಸಿಕೊಂಡು ಬನ್ನಿ ಎಂದು ಕಳಿಸಿದೆ. ಅವನು ಬರೆಸಿಕೊಂಡು ಬರುವಷ್ಟರಲ್ಲಿ ಜ್ವರ ಬಿಟ್ಟಿತ್ತು.

ಅವ್ವನ ಮುಂದೆ ಹೇಳಿದ್ದೇ ತಡ, "ಪಾಪ, ಒಬ್ಬನ ಅದಾನ, ಊಟಕ್ಕ ಕರಿಯವಾ" ಅಂದಳು. ಭಾನುವಾರ ಬಂದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ನೋಡಿ, "ಸಾಂಬಾರ್ ಇಲ್ವಾ ಆಂಟಿ?" ಎಂದು ಕೇಳಿ ನಗೆಪಾಟಲಾದ.

ಬಡಿಸುತ್ತ ಅವ್ವ, ನನ್ನ ಹಾಗೆಯೇ ಈ ದೇಶದ ಪಾಸ್‌ಪೋರ್ಟ್ ಇದ್ದ ಪರಿಚಯದ ಹುಡುಗಿಯೊಬ್ಬಳ ಸುದ್ದಿ ತೆಗೆದಳು. ಅವಳನ್ನು ಕಟ್ಟಿಕೊಂಡ ಗಂಡ, ತನ್ನ ವೀಸಾ ಕಾಯಂ ಆದಮೇಲೆ ಬಿಟ್ಟು ಹೋಗಿದ್ದ. "ವೀಸಾದ ಮ್ಯಾಲ ಬಂದ ಹುಡುಗೂರು ನಮ್ಮ ಹುಡುಗ್ಯಾರ್ನ ನೋಡೂದಿಲ್ಲಪಾ, ಪಾಸ್‌ಪೋರ್ಟ್ ನೋಡ್ತಾರ," ಅಂದಳು. ವಾಸುವಿನ ಕೈ ಒಂದು ಗಳಿಗೆ ನಿಂತಿತು. ರೊಟ್ಟಿ ಗಟ್ಟಿಯಾಯಿತೇನೋ ಅಂದುಕೊಂಡೆ.

ಆಮೇಲೆ ನಮ್ಮ ಮನೆಯ ಭಾನುವಾರಗಳೆಲ್ಲ ಅವನವೇ ಆದವು. ಊಟವಾದ ಮೇಲೆ ನಾನು ತೊಳೆದ ಪಾತ್ರೆಗಳನ್ನು ಅವನು ಒರೆಸುತ್ತಿದ್ದ. ಈ ಊರಿನ ರೀತಿ ರಿವಾಜು ಕಲಿಸಿದವಳು ನಾನೇ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಬೇಕು, ಕೌನ್ಸಿಲ್‌ನವರು ಕಸ ಒಯ್ಯುವ ದಿನ ಮರೆಯಬಾರದು, ಮನೆಯಲ್ಲಿ ಟಿವಿ ಇದ್ದರೆ ಲೈಸೆನ್ಸ್ ತೆಗೆದುಕೊಳ್ಳಬೇಕು.

"ನಿಮ್ಮನ್ನ ನೋಡಿ ನಗೋಕೆ ಲೈಸೆನ್ಸ್ ಬೇಡ ತಾನೇ?"

"ಅದಕ್ಕ ಭಾಳ ಫೀ ಐತ್ರಿ."

ನಗುತ್ತಿದ್ದ ಕಣ್ಣು ನನ್ನ ಮುಖದ ಮೇಲೆ ಒಂದಿಷ್ಟು ಹೊತ್ತು ನಿಲ್ಲುತ್ತಿತ್ತು. ನಾನು ತಲೆಯೆತ್ತಿದರೆ ಸಾಕು, ಕಿಟಕಿಯಾಚೆ ಹೋಗುವ ಬಸ್ಸಿನ ನಂಬರ್ ಓದುತ್ತಿದ್ದ. ಪ್ರೀತಿ ಇತ್ತು. ನಾನೇನು ಕುರುಡಿಯೇ? ಅವನು ಬರದ ಭಾನುವಾರ ನನಗೂ ಊಟ ಸೇರುತ್ತಿರಲಿಲ್ಲ. ಆದರೆ ಬಾಯಿ ಬಿಡು ಅಂದರೆ, "ಟೂ ಥೌಸಂಡ್ ಸಿಕ್ಸ್ ಜೂನ್ ಬರ್ಲಿ, ಒಂದು ವಿಷಯ ಹೇಳ್ತೀನಿ" ಅನ್ನುತ್ತಿದ್ದ. ಮುಹೂರ್ತ ಇಟ್ಟುಕೊಂಡು ಮಾತಾಡುವ ಗಂಡಸನ್ನು ನಾನು ಕಂಡಿದ್ದು ಅವನೊಬ್ಬನನ್ನೇ.

ಕೊನೆಗೆ 2006ರ ಏಪ್ರಿಲ್ ಬಂತು. ಅವ್ವ ಕಾದು ಕಾದು ಸಾಕಾಗಿ, ಬರ್ಮಿಂಗ್‌ಹ್ಯಾಮ್‌ನ ದಂತವೈದ್ಯನೊಬ್ಬನನ್ನು ಹೆಣ್ಣು ನೋಡಲು ಭಾನುವಾರ ಬರಹೇಳಿದಳು. ಶುಕ್ರವಾರ ಸಂಜೆ ಜುಬಿಲಿ ಲೈನ್ ಟ್ರೇನ್ ಇಳಿದು ಬಂದ ವಾಸುವಿಗೆ ಸ್ಟೇಷನ್ ಬಾಗಿಲಲ್ಲೇ ವಿಷಯ ಹೇಳಿದೆ.

"ಒಳ್ಳೇದಾಯ್ತು. ಕಂಗ್ರಾಟ್ಸ್," ಅಂದ. ಹೊರಟೇಬಿಟ್ಟ ಪುಣ್ಯಾತ್ಮ!

"ನಿಲ್ರಿ! ಜೂನ್‌ದಾಗ ಹೇಳೂದು ಏನಿತ್ತು?"

"ಆ ಜೂನ್ ಇನ್ನು ಬರಲ್ಲ. ನಾಲ್ಕು ವರ್ಷ ಕೆಲಸ ಮಾಡಿದ್ರೆ ಪರ್ಮನೆಂಟ್ ವೀಸಾ ಸಿಗ್ತಿತ್ತು. ಈ ತಿಂಗಳಿಂದ ಐದು ವರ್ಷ ಮಾಡಿದಾರೆ. ಇನ್ನೂ ಒಂದು ವರ್ಷ ಕಾಯಿರಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿಮ್ಮ ವೀಸಾಕ್ಕೂ ನನಗೂ ಏನ್ರಿ ಸಂಬಂಧ?"

"ಪಾಸ್‌ಪೋರ್ಟ್ ನೋಡ್ಕೊಂಡು ಬರ್ತಾರೆ ಅಂತ ಆಂಟಿ ಅವತ್ತು ಅಂದಿದ್ರಲ್ಲ. ಸ್ವಂತ ವೀಸಾ ಕೈಗೆ ಬಂದ್ಮೇಲೇ ನಿಮ್ಮನ್ನ ಕೇಳೋದು ಅಂತಿದ್ದೆ."

ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ತೋಳು ಹಿಡಿದು ಮನೆಗೆ ಎಳೆದುಕೊಂಡು ಹೋದೆ. ಅವ್ವ ಶೇಂಗಾ ಹುರಿಯುತ್ತಿದ್ದಳು. ಎಲ್ಲ ಕೇಳಿ ಒಲೆ ಆರಿಸಿದಳು.

"ಅಂದಿರಬೇಕು. ಬಡಸೂ ಮುಂದ ನಾ ಏನೇನರೆ ಅಂತೀನಿ, ಎಲ್ಲಾ ಗಂಟ ಕಟ್ಟಿ ಇಟಗೊಂಡ್ರ ಹೆಂಗೋ ಯಪ್ಪಾ? ಬರೇ ಪಾಸ್‌ಪೋರ್ಟ್ ಬೇಕಾದಾಂವ ಇಷ್ಟ ವರ್ಷ ನಿಂತು ಭಾಂಡೆ ಒರಸ್ತಾನೇನು?" ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿದಳು. "ಬರ್ಮಿಂಗ್‌ಹ್ಯಾಮ್‌ನವರಿಗೆ ಬರಬ್ಯಾಡ್ರಿ ಅಂತೀನಿ. ನೀವ ಹೊರಗ ಹೋಗ್ರಿ, ನಿಮ್ಮ ಮುಂದ ಮಾತಾಡಾಕ ನನಗ ನಾಚಿಕಿ ಬರ್ತೈತಿ."

ಬಾಗಿಲ ಹೊರಗೆ, ಕಸದ ಡಬ್ಬಿಗಳ ಪಕ್ಕ ನಿಂತೆವು. ವಾಸು ಗಡಿಬಿಡಿಯಲ್ಲಿ ಶುರು ಮಾಡಿದ.

"ಮದುವೆ ಆದ್ರೂ ನಿಮ್ಮ ಹೆಸರಲ್ಲಿ ವೀಸಾ ತಗೊಳಲ್ಲ. ಐದನೇ ವರ್ಷಾನೂ ನನ್ನ ಪರ್ಮಿಟ್ ಮೇಲೇ ಮುಗಿಸ್ತೀನಿ. ಆದ್ರೆ ನನ್ನಂಥೋರು ಇಲ್ಲಿ ಮದುವೆ ಆಗ್ಬೇಕು ಅಂದ್ರೂ ಈಗ ಸರ್ಕಾರದ ಹೋಮ್ ಆಫೀಸ್ ಪರ್ಮಿಷನ್ ಬೇಕು. ಮ್ಯಾನೇಜರ್‌ನ ರಜಾ ಕೇಳ್ಬೇಕು, ಊರಲ್ಲಿ ಅಮ್ಮನ್ನ ಕೇಳ್ಬೇಕು..."

"ಎಲ್ಲಾರ್ನೂ ಕೇಳ್ರಿ," ಅಂದೆ. "ಆದ್ರ ಮೊದಲ ನನ್ನ ಕೇಳ್ರಲಾ."

ವಾಸುವಿನ ಕಿವಿ ಕೆಂಪಾದವು. ರಸ್ತೆಯಲ್ಲಿ ಬಸ್ಸೊಂದು ಹೋಯಿತು, ಅವನು ಅತ್ತ ನೋಡಲಿಲ್ಲ.

"ಸೌಜನ್ಯಾ, ನನ್ನನ್ನ ಮದುವೆ ಆಗ್ತೀರಾ?"

ದಿನವಿಡೀ ಕೌಂಟರಿನಲ್ಲಿ ಕೂತು, ಅದಿಲ್ಲ ಇದಿಲ್ಲ ಎಂದು ಜನರನ್ನು ವಾಪಸು ಕಳಿಸುವವಳು ನಾನು. ಅವನ ಹತ್ತಿರ ಯಾವ ಪ್ರೂಫೂ ಕೇಳದೆ ಹೂಂ ಅಂದುಬಿಟ್ಟೆ.