ಅಳಿಸಿದ ಸದ್ದುಗಳು

“ನನ್ನ ಬಳಿ ಎಲ್ಲಿ?”

ನಾಶಿಕ್‌ನ ಆ ಮನೆಯ ಬಾಗಿಲು ತೆರೆದವನಿಗೆ ನಾನು ಕೇಳಿದ ಮೊದಲ ಮಾತು ಇದು. ಬೇಸಿಗೆಯಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿಗೆ ಇವತ್ತು ಮುಖ ಸಿಕ್ಕಿತ್ತು. ಮುಖ ಚೆನ್ನಾಗಿಯೇ ಇತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ರವಿಕಾಂತ ನನ್ನ ಕೈ ನೋಡಿದ. “ಕೈಯಾಗೇ ಅದಾವಲ್ರೀ ರುಚಿತಾ.”

“ಹಾಡಿನಾಗಿನ ಬಳಿ ಕೇಳ್ಲಿಕತ್ತೀನಿ.”

ಅವನು ಗಾಬರಿಯಿಂದ ಒಳಗಿನ ಕೋಣೆಯತ್ತ ತಿರುಗಿ ನೋಡಿದ. ಅಲ್ಲಿ ಏನೋ ಇದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಶೇಂದ್ರಾದ ಫ್ಯಾಕ್ಟರಿ ಆಫೀಸಿನಿಂದ ಸಂಭಾಜಿನಗರದ ನಮ್ಮ ಫ್ಲಾಟಿಗೆ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ಎಲೆಕ್ಟ್ರಾನಿಕ್ ಹಾಡು ಕಟ್ಟುವುದು ನನ್ನ ಹುಚ್ಚು. ಹೋದ ವರ್ಷ ಗೆಳೆಯನೊಬ್ಬ ಮಿಕ್ಸ್ ಮಾಡಿಕೊಡುತ್ತೇನೆಂದು ನನ್ನ ಟ್ರ್ಯಾಕ್ ಒಯ್ದು ತನ್ನ ಹೆಸರಿನಲ್ಲಿ ಬಿಡುಗಡೆ ಮಾಡಿದ. ಇಬ್ಬರ ಹತ್ತಿರವೂ ಅವೇ ಫೈಲುಗಳು. ನನ್ನದೆಂದರೆ ಯಾರೂ ನಂಬಲಿಲ್ಲ.

ಹಾಗಾಗಿ ಈ ಸಲ ಮಿಕ್ಸ್ ಮಾಡಲೆಂದು ರವಿಕಾಂತನಿಗೆ ಹಾಡಿನ ಪದರಗಳನ್ನು ಬಿಡಿಬಿಡಿಯಾಗಿ ಕಳಿಸುವಾಗ, ನಡುವೆ ಒಂದು ಕಡೆ ನನ್ನ ಬಳೆಯ ಸದ್ದನ್ನು ಬಚ್ಚಿಟ್ಟಿದ್ದೆ. ಎಷ್ಟು ಸಣ್ಣದೆಂದರೆ, ಎಲ್ಲಿದೆ ಎಂದು ಗೊತ್ತಿದ್ದವರಿಗಷ್ಟೇ ಕೇಳಿಸಬೇಕು. ಕದ್ದರೆ ಸಾಕ್ಷಿಗೆ ಇರಲಿ ಎಂದು.

ನಿನ್ನೆ ಅವನಿಂದ ಫೈನಲ್ ಮಾಸ್ಟರ್, ಅಂದರೆ ಬಿಡುಗಡೆಗೆ ಸಿದ್ಧವಾದ ಹಾಡು ಬಂತು. ಬಳೆ ಮಾಯ. ಕಳ್ಳನಲ್ಲದೆ ಗುರುತು ಅಳಿಸುವವರು ಯಾರು?

ಬೆಳಿಗ್ಗೆಯೇ ರೈಲು ಹತ್ತಿದೆ. ಮನ್ಮಾಡ್‌ನಲ್ಲಿ ನಿಂತಾಗ ಹಾಡನ್ನು ಮತ್ತೆ ಕೇಳಿದೆ. ಹಾಳಾದವನು ಎಷ್ಟು ಚಂದ ಮಾಡಿದ್ದ! ಹಾಡು ಹೋದರೆ ಇನ್ನೊಂದು ಕಟ್ಟಬಹುದು. ಆದರೆ ‘ಬೇಸ್ ಸ್ವಲ್ಪ ಕಡಿಮಿ ಮಾಡ್ಲೇನ್ರಿ?’ ಎಂದು ಕೇಳಲು ಫೋನ್ ಮಾಡಿ, ಊಟ ಆಯಿತಾ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದ ಆ ದನಿಯೂ ಸುಳ್ಳಾಗಿದ್ದರೆ? ನನಗೆ ನಿಜವಾಗಿ ಅಳು ಬಂದದ್ದು ಅದಕ್ಕೆ.

“ಯಾರೋ ಬಂದಾರ? ಒಳಗ ಕರಿ, ಬಿಸಲಾಗ ನಿಂದರಸಬ್ಯಾಡ,” ಅಡುಗೆಮನೆಯಿಂದ ಅವನ ಅವ್ವ ರುಕ್ಮಿಣಿಬಾಯಿ ಕೂಗಿದರು.

ಒಳಗಿನ ಕೋಣೆಯೇ ಸ್ಟುಡಿಯೋ. ಸದ್ದು ಮಾರ್ದನಿಸದಿರಲೆಂದು ಗೋಡೆ ತುಂಬ ಹಳೆಯ ಕೌದಿಗಳನ್ನು ತೂಗುಹಾಕಿದ್ದ. ಒಳಗೆ ಕಾಲಿಟ್ಟದ್ದೇ ಅವನು ಓಡಿಹೋಗಿ ಲ್ಯಾಪ್‌ಟಾಪ್ ಮುಚ್ಚಿದ.

“ತಗೀರಿ.”

“ಅದು... ಬ್ಯಾರೆ ಕೆಲಸದ್ದು.”

“ತಗೀರಿ ಅಂದೆ.”

ತೆಗೆದ. ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು, ಪ್ರತಿಯೊಂದರ ಮೇಲೂ ನನ್ನ ಹೆಸರು. ಇದು ನಾನು ಕಳಿಸಿದ ಹಾಡಲ್ಲ.

“ಗೊತ್ತಿತ್ತು ನನಗ! ನನ್ನ ಹಾಡು ಒಡದು ಇನ್ನೊಂದು ಮಾಡೀರಿ.”

“ನಿಮ್ಮ ಹಾಡಿಂದ ಒಂದ್ ಸುರ ಭೀ ತಗೊಂಡಿಲ್ರಿ.” ಅವನು ತಲೆ ಎತ್ತಲಿಲ್ಲ. “ಮಾಸ್ಟರ್ ಮಾಡುವಾಗ ವಾಲ್ಯೂಮ್ ಏರಸ್ತೀವಲ್ಲ, ಆಗ ಸಣ್ಣ ಸಣ್ಣ ಸದ್ದು ಭೀ ಮ್ಯಾಲ ಬರ್ತಾವ. ನಿಮ್ಮ ಫ್ಯಾನು, ಕುಕ್ಕರ್ ಸೀಟಿ... ಅವನ್ನ ತಗಿಯೋದೇ ನನ್ನ ಕೆಲಸ. ಬಳಿ ಭೀ ಹಂಗೇ ತಪ್ಪಿ ಬಂದದ ಅಂದ್ಕೊಂಡೆ.”

“ತಗದು?”

“ಒಗೀಲಿಕ್ಕ ಮನಸಾಗ್ಲಿಲ್ಲ.”

ಪ್ಲೇ ಒತ್ತಿದ.

ಮೊದಲು ನಮ್ಮ ಮನೆಯ ಫ್ಯಾನಿನ ಟಕ ಟಕ. ಅದೇ ತಾಳ. ಕುಕ್ಕರಿನ ಸೀಟಿ ಉದ್ದಕ್ಕೆ ಎಳೆದುಕೊಂಡು ಒಂದು ಸ್ವರವಾಗಿತ್ತು. ಹಾಡು ತಪ್ಪಿದಾಗಲೆಲ್ಲ ನಾನು ಗೊಣಗುವ ‘ಛೇ’, ಸಾಲು ಶುರುವಾಗುವ ಮುನ್ನ ಎಳೆದುಕೊಳ್ಳುವ ಉಸಿರು. ಕೊನೆಯಲ್ಲಿ, ಎಲ್ಲ ನಿಂತ ಮೇಲೆ, ನನ್ನ ಬಳೆ.

ಇಷ್ಟು ಗಮನವಿಟ್ಟು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಆದರೂ ಹುಟ್ಟುಗುಣ ಬಿಡಬೇಕಲ್ಲ.

“ಕೇಳದ ಇಟ್ಕೊಂಡೀರಿ. ಇದೂ ಕಳುವೇ.”

“ಹೌದ್ರಿ.” ಅವನು ಮೌಸನ್ನು ನನ್ನತ್ತ ಸರಿಸಿದ. “ನಿಮ್ದೇ ಅದು, ಡಿಲೀಟ್ ಮಾಡಿಬಿಡ್ರಿ. ಹಾಡಿನಾಗ ಬಳಿ ವಾಪಸ್ ಹಾಕಿ ಇವತ್ತೇ ಕೊಡ್ತೀನಿ.”

“ಎಷ್ಟು ಮಂದಿಗೆ ಕೇಳಿಸೀರಿ ಇದನ್ನ? ಖರೇ ಹೇಳ್ರಿ.”

ಅವನು ಬಾಯಿ ತೆರೆಯುವಷ್ಟರಲ್ಲಿ ರುಕ್ಮಿಣಿಬಾಯಿ ಚಹಾ ಹಿಡಿದು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈಬಳೆಯ ಮೇಲೆ ಕಣ್ಣು ನಿಲ್ಲಿಸಿದರು.

“ಆ ಕುಕ್ಕರ್ ಹುಡುಗಿ ನೀನೇ ಏನವಾ? ದಿನಾ ಕೇಳ್ಕೋತ ಕುಂದರ್ತಾನ. ಯಾರೋ ಅಂದ್ರ ಬಾಯೇ ಬಿಡವಲ್ಲ!”

“ಅವ್ವಾ!”

“ನಾ ಏನಂದ್ನಪಾ?” ಅವರು ನಗುತ್ತ ಹೊರಗೆ ಹೋದರು.

ರವಿಕಾಂತನ ಕಿವಿ ಕೆಂಪಾಗಿತ್ತು. ನಾನು ಮೌಸ್ ಮುಟ್ಟಲಿಲ್ಲ.

“ಮೈಕ್ ಆನ್ ಮಾಡ್ರಿ.”

“ಯಾಕ್ರಿ?”

“ಒಂದ್ ಸದ್ದು ಕಡಿಮಿ ಅದ.”

ಅವನು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಒತ್ತಿದ. ನಾನು ಮೈಕಿನ ಹತ್ತಿರ ಬಾಗಿ, ಬೇಕೆಂದೇ ಬಳೆ ಅಲ್ಲಾಡಿಸಿ, ಮೆಲ್ಲಗೆ ಹೇಳಿದೆ: “ರವಿಕಾಂತ, ಮುಂದಿನ ಐತವಾರ ಸಂಭಾಜಿನಗರಕ್ಕ ಬರ್ರಿ. ಅಪ್ಪಗ ನಾನೇ ಹೇಳ್ತೀನಿ. ನನಗ ನೀವು ಬೇಕು.”

ಹೊರಗೆ ಯಾವುದೋ ರಿಕ್ಷಾ ಹಾರ್ನ್ ಹೊಡೆಯಿತು.

“ಹಾರ್ನ್ ಬಂತ್ರಿ,” ಎಂದ, ಹೆಡ್‌ಫೋನ್ ತೆಗೆಯದೆ. “ಇನ್ನೊಮ್ಮೆ ಹೇಳ್ತೀರೇನು?”

“ಇರ್ಲಿ. ಇದನ್ನ ಕ್ಲೀನ್ ಮಾಡಬ್ಯಾಡ್ರಿ.”

ಹೊರಡುವ ಮುನ್ನ ಆ ರೆಕಾರ್ಡಿಂಗನ್ನು ನನ್ನ ಪೆನ್‌ಡ್ರೈವಿಗೂ ಹಾಕಿಸಿಕೊಂಡೆ. ಮೈಕ್ ಇನ್ನೂ ಆನ್ ಇದ್ದಾಗ ಅವನು ಕೊಟ್ಟ ಉತ್ತರ ಅದರಲ್ಲಿದೆ. ಸಾಕ್ಷಿಗೆ ಇರಲಿ ಎಂದು.